ಈರುಳ್ಳಿ ಲೋಡ್ ಕಳಿಸುವ ಮುಂಚೆ: ಲಾರಿ ಬಾಡಿಗೆಯಲ್ಲಿ ದುಡ್ಡು ಉಳಿಸುವ ಲೆಕ್ಕಾಚಾರ

ಈರುಳ್ಳಿ ಕಿತ್ತು, ಒಣಗಿಸಿ, ಚೀಲ ತುಂಬಿ ಬದುವಿನಲ್ಲಿ ಸಾಲಾಗಿ ನಿಲ್ಲಿಸಿದ ಮೇಲೆ ನಾವು ಲಾರಿ ಹುಡುಕಲು ಹೊರಡುತ್ತೇವೆ. ಅಷ್ಟರಲ್ಲಿ ಮೋಡ ಕವಿದಿರುತ್ತದೆ. ಸಿಕ್ಕ ಗಾಡಿಗೆ, ಅವರು ಹೇಳಿದ ಬಾಡಿಗೆಗೆ ಹೂಂ ಅಂದುಬಿಡುತ್ತೇವೆ. ಹಿರಿಯೂರು ಸೀಮೆಯ ನಮ್ಮ ಊರಲ್ಲಿ ಬಹಳ ಕಾಲ ಹೀಗೇ ನಡೆಯುತ್ತಿತ್ತು. ಈಗ ಕೆಲವು ವರ್ಷಗಳಿಂದ ಹತ್ತು-ಹನ್ನೆರಡು ಮನೆಗಳ ಈರುಳ್ಳಿಗೆ ಲಾರಿ ಗೊತ್ತು ಮಾಡುವ ಕೆಲಸ ನನ್ನ ಪಾಲಿಗೆ ಬಂದಿದೆ. ಅದರಲ್ಲಿ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಈರುಳ್ಳಿಯ ಉದಾಹರಣೆ ಕೊಟ್ಟರೂ ಕುಂಬಳ, ತೆಂಗಿನಕಾಯಿ, ಮೆಕ್ಕೆಜೋಳ ಕಳಿಸುವವರಿಗೂ ಲೆಕ್ಕ ಇದೇ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. "ಬಾಡಿಗೆ ಎಷ್ಟು?" ಅಂತ ಕೇಳಿದರೆ ಅರ್ಧ ಉತ್ತರ ಸಿಗುತ್ತದೆ. "ಚೀಲಕ್ಕೆ ಎಷ್ಟು ಬಿತ್ತು?" ಅಂತ ಲೆಕ್ಕ ಹಾಕಿದರೆ ಪೂರ್ತಿ ಉತ್ತರ ಸಿಗುತ್ತದೆ. ಕಡಿಮೆ ಬಾಡಿಗೆಯ ಸಣ್ಣ ಗಾಡಿಯೇ ಎಷ್ಟೋ ಸಲ ಜಾಸ್ತಿ ದುಬಾರಿ.

ಮೊದಲ ಹೆಜ್ಜೆ: ಅಷ್ಟು ದೂರ ಕಳಿಸಬೇಕಾ?

ಬೆಂಗಳೂರಿನ ಯಶವಂತಪುರದಲ್ಲಿ ರೇಟು ಜಾಸ್ತಿ ಇದೆ ಅಂತ ಫೋನ್ ಬಂದ ಕೂಡಲೇ ಲಾರಿ ಹತ್ತಿಸಬೇಡಿ. ಹತ್ತಿರದ ಮಾರುಕಟ್ಟೆಗೂ ಬೆಂಗಳೂರಿಗೂ ಇರುವ ರೇಟಿನ ವ್ಯತ್ಯಾಸವನ್ನು ಚೀಲದ ಲೆಕ್ಕಕ್ಕೆ ಇಳಿಸಿ. ಲೆಕ್ಕ ಅರ್ಥವಾಗಲಿ ಅಂತ ಕೆಲವು ಅಂಕಿ ಇಟ್ಟುಕೊಳ್ಳೋಣ. ನಿಮ್ಮ ಕಡೆಯ ರೇಟು, ಬಾಡಿಗೆ ಬೇರೆ ಇರುತ್ತವೆ.

ಹತ್ತಿರದಲ್ಲಿ ಕ್ವಿಂಟಾಲಿಗೆ 1,400 ರೂಪಾಯಿ, ಬೆಂಗಳೂರಲ್ಲಿ 1,650 ರೂಪಾಯಿ ಅಂದುಕೊಳ್ಳಿ. 50 ಕೆಜಿ ಚೀಲಕ್ಕೆ 700 ಮತ್ತು 825 ಆಯಿತು. ಹತ್ತಿರದ ಮಾರುಕಟ್ಟೆಗೆ ಸಾಗಣೆ, ಹಮಾಲಿ ಸೇರಿ ಚೀಲಕ್ಕೆ 40 ಕಳೆದರೆ ಕೈಗೆ 660. ಬೆಂಗಳೂರಿಗೆ ದೊಡ್ಡ ಲಾರಿ ತುಂಬಿಸಿ ಕಳಿಸಿದಾಗ ಬಾಡಿಗೆ 80, ಹಮಾಲಿ 20 ಕಳೆದರೆ ಕೈಗೆ 725. ಚೀಲಕ್ಕೆ 65 ರೂಪಾಯಿ ಲಾಭ. ಅದರ ಬದಲು ಬರೀ 55 ಚೀಲವನ್ನು ಒಬ್ಬರೇ 9,000 ರೂಪಾಯಿ ಬಾಡಿಗೆಯ ಸಣ್ಣ ಗಾಡಿಯಲ್ಲಿ ಕಳಿಸಿದರೆ? ಬಾಡಿಗೆಯೇ ಚೀಲಕ್ಕೆ 164 ಬೀಳುತ್ತದೆ. ಕೈಗೆ ಉಳಿಯುವುದು 641. ಮನೆ ಹತ್ತಿರ ಮಾರಿದ್ದರೆ 19 ರೂಪಾಯಿ ಜಾಸ್ತಿ ಸಿಗುತ್ತಿತ್ತು, ರಾತ್ರಿ ನಿದ್ದೆಯೂ ಉಳಿಯುತ್ತಿತ್ತು. ನೋಡಿ, ರೇಟು ಬದಲಾಗಲಿಲ್ಲ, ಮಾಲು ಬದಲಾಗಲಿಲ್ಲ. ಗಾಡಿ ಒಂದು ಬದಲಾಗಿದ್ದಕ್ಕೆ ಲಾಭ ನಷ್ಟವಾಯಿತು.

ರೇಟನ್ನು ಒಬ್ಬರ ಬಾಯಿಂದ ಮಾತ್ರ ಕೇಳಬೇಡಿ. ಇಬ್ಬರು-ಮೂವರು ಮಂಡಿಯವರಿಗೆ, ಅಂದರೆ ಮಾರುಕಟ್ಟೆಯಲ್ಲಿ ನಮ್ಮ ಮಾಲು ಮಾರಿಕೊಡುವ ದಲ್ಲಾಳಿಗಳಿಗೆ, ಫೋನ್ ಮಾಡಿ. ಮೇಲಿನ ರೇಟು ಯಾವ ಸೈಜಿಗೆ, ನಿಮ್ಮ ಮಾಲಿನಂಥದ್ದು ನಿನ್ನೆ ಎಷ್ಟಕ್ಕೆ ಹೋಯಿತು ಅಂತ ಬಿಡಿಸಿ ಕೇಳಿ. 2023ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ಈರುಳ್ಳಿ ರಫ್ತು ನಿಲ್ಲಿಸಿದಾಗ ರೇಟು ಎಷ್ಟು ಬೇಗ ಇಳಿಯಿತು ಅಂತ ನಮಗೆಲ್ಲ ನೆನಪಿದೆ. ಅದಕ್ಕೇ ಲೋಡ್ ಮಾಡುವ ದಿನ ಬೆಳಗ್ಗೆ ಇನ್ನೊಂದು ಸಲ ಕೇಳುವುದು ಒಳ್ಳೆಯದು.

ಎರಡನೇ ಹೆಜ್ಜೆ: ಮಾಲಿನ ನಿಜವಾದ ತೂಕ

"ಸುಮಾರು ಇನ್ನೂರು ಚೀಲ ಆಗಬಹುದು" ಅಂತ ಲಾರಿಯವರಿಗೆ ಹೇಳಬೇಡಿ. ಎಣಿಸಿ. ಆಮೇಲೆ ಅಲ್ಲೊಂದು ಇಲ್ಲೊಂದು ಐದು ಚೀಲ ಎತ್ತಿ ತೂಕ ಹಾಕಿ. 50 ಕೆಜಿ ಅಂದುಕೊಂಡ ಚೀಲ ಎಷ್ಟೋ ಸಲ 54 ಇರುತ್ತದೆ. 200 ಚೀಲಕ್ಕೆ 800 ಕೆಜಿ ವ್ಯತ್ಯಾಸ ಅಂದರೆ ಹತ್ತಿರ ಹತ್ತಿರ ಒಂದು ಟನ್. ಹತ್ತು ಟನ್ ಅಂತ ಗೊತ್ತು ಮಾಡಿದ ಲಾರಿಗೆ ಹನ್ನೊಂದು ಟನ್ ಹತ್ತಿಸಲು ಹೊರಟಾಗ ಅಲ್ಲಿಂದಲೇ ಜಗಳ ಶುರು.

ಇನ್ನೊಂದು ವಿಷಯ. ಹಸಿ ಈರುಳ್ಳಿ, ಗೆಡ್ಡೆಗೆ ಅಂಟಿದ ಮಣ್ಣು, ಒಣಗದ ಸೊಪ್ಪು ಇವಕ್ಕೆಲ್ಲ ನಾವು ಕಿಲೋಮೀಟರ್ ಲೆಕ್ಕದಲ್ಲಿ ಬಾಡಿಗೆ ಕೊಡುತ್ತೇವೆ. ಹೊಲದಲ್ಲೇ ಚೆನ್ನಾಗಿ ಒಣಗಿಸಿ, ಸೊಪ್ಪು ಕೊಯ್ದು, ಮಣ್ಣು ಉದುರಿಸಿ ತುಂಬಿ. ಗೋಲ್ಟಿ ಅನ್ನುವ ಚಿಕ್ಕ ಗೆಡ್ಡೆಯನ್ನು ಬೇರೆ ಮಾಡಿ. ದಪ್ಪ ಗೆಡ್ಡೆಗೆ ಎಷ್ಟು ಬಾಡಿಗೆಯೋ ಗೋಲ್ಟಿಗೂ ಅಷ್ಟೇ ಬಾಡಿಗೆ. ಆದರೆ ಅದರ ರೇಟು ತೀರಾ ಕಡಿಮೆ. ನಾವು ಈಗ ಗೋಲ್ಟಿಯನ್ನು ಸುತ್ತಲಿನ ಸಂತೆಗಳಿಗೇ ಬಿಡುತ್ತೇವೆ, ಬೆಂಗಳೂರಿಗೆ ಹತ್ತಿಸುವುದೇ ಇಲ್ಲ.

ಈರುಳ್ಳಿ, ಅಕ್ಕಿ, ಗೊಬ್ಬರದಂಥ ಮಾಲಿನಲ್ಲಿ ಗಾಡಿಯ ಜಾಗ ತುಂಬುವ ಮೊದಲೇ ತೂಕ ತುಂಬುತ್ತದೆ. ಹತ್ತಿ, ಒಣ ಮೇವು, ಸಿಪ್ಪೆ ಇರುವ ಶೇಂಗಾ ಇವೆಲ್ಲ ತಿರುಗಾಮುರುಗಾ. ತೂಕ ಆಗುವುದಕ್ಕೆ ಮುಂಚೆ ಜಾಗ ಮುಗಿಯುತ್ತದೆ. ಇಂಥ ಮಾಲಿಗೆ ಟನ್ ಲೆಕ್ಕ ಬಿಟ್ಟು, ಗಾಡಿಯ ಉದ್ದ-ಅಗಲ-ಎತ್ತರ ಕೇಳಿ ಗೊತ್ತು ಮಾಡಬೇಕು.

ಮೂರನೇ ಹೆಜ್ಜೆ: ಯಾವ ಗಾಡಿ?

ಟಾಟಾ ಏಸ್, ಅಂದರೆ ನಮ್ಮ ಚೋಟಾ ಹಾಥಿ, ಮುಕ್ಕಾಲು ಟನ್ ಹೊರುತ್ತದೆ: 15 ಚೀಲ. ಬೊಲೆರೊ ಪಿಕಪ್ ಸುಮಾರು ಒಂದೂವರೆ ಟನ್: 30 ಚೀಲ. ಟಾಟಾ 407 ಗಾಡಿ ಎರಡೂವರೆ ಟನ್ ಆಸುಪಾಸು: 50 ಚೀಲ. 14 ಅಡಿ ಐಷರ್ ಮೂರೂವರೆಯಿಂದ ನಾಲ್ಕು ಟನ್: 70ರಿಂದ 80 ಚೀಲ. 17 ಅಡಿಯದ್ದು ಐದು ಟನ್, 19 ಅಡಿಯದ್ದು ಏಳು ಟನ್ ಹತ್ತಿರ. ಆರು ಚಕ್ರದ ಲಾರಿಗೆ ಹತ್ತು ಟನ್: 200 ಚೀಲ. ಹತ್ತು ಚಕ್ರದ್ದು ಅದರ ಒಂದೂವರೆ ಪಟ್ಟಿಗಿಂತ ಜಾಸ್ತಿ ಹೊರುತ್ತದೆ. ಮಾಡೆಲ್, ಬಾಡಿ ಕಟ್ಟಿಸಿದ ರೀತಿ ನೋಡಿಕೊಂಡು ಇವು ಸ್ವಲ್ಪ ಹೆಚ್ಚುಕಡಿಮೆ ಆಗುತ್ತವೆ.

ಕೊನೆಯ ಮಾತು ಆರ್‌ಸಿಯದ್ದು, ಅಂದರೆ ಗಾಡಿಯ ನೋಂದಣಿ ಪತ್ರದ್ದು. 2018ರಲ್ಲಿ ಕೇಂದ್ರ ಸರ್ಕಾರ ಆರು ಚಕ್ರದ ಲಾರಿಯ ಒಟ್ಟು ತೂಕದ ಮಿತಿಯನ್ನು 16.2 ಟನ್‌ನಿಂದ 18.5 ಟನ್‌ಗೆ, ಹತ್ತು ಚಕ್ರದ್ದನ್ನು 25ರಿಂದ 28.5 ಟನ್‌ಗೆ ಏರಿಸಿತು. ಇದು ಗಾಡಿ ಮತ್ತು ಮಾಲು ಎರಡೂ ಸೇರಿದ ತೂಕ. ಹಾಗಾಗಿ ಒಂದೇ ಥರ ಕಾಣುವ ಎರಡು ಲಾರಿಗಳ ಆರ್‌ಸಿಯಲ್ಲಿ ಬೇರೆ ಬೇರೆ ತೂಕ ಇರಬಹುದು. ಕೇಳಿ ನೋಡಿಕೊಳ್ಳಿ.

"ಇನ್ನೊಂದು ಇಪ್ಪತ್ತು ಚೀಲ ಎಸೀರಿ, ಏನಾಗಲ್ಲ" ಅನ್ನುವವರು ಎಲ್ಲ ಊರಲ್ಲೂ ಇದ್ದಾರೆ. ದಯವಿಟ್ಟು ಕೇಳಬೇಡಿ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ ಪ್ರಕಾರ ಓವರ್‌ಲೋಡಿಗೆ 20,000 ರೂಪಾಯಿ ದಂಡ, ಅದರ ಮೇಲೆ ಹೆಚ್ಚಿನ ಪ್ರತಿ ಟನ್ನಿಗೆ 2,000 ರೂಪಾಯಿ. ಹೆಚ್ಚುವರಿ ಮಾಲನ್ನು ಅಲ್ಲೇ ಇಳಿಸಬೇಕಾಗಿಯೂ ಬರುತ್ತದೆ. ಇಪ್ಪತ್ತು ಚೀಲದ ಬಾಡಿಗೆ ಉಳಿಸಲು ಹೋಗಿ ಇಡೀ ಲೋಡಿನ ಬಾಡಿಗೆಗಿಂತ ಹೆಚ್ಚು ಕಳೆದುಕೊಳ್ಳುವ ಕೆಲಸ ಅದು. ಬ್ರೇಕ್, ಟೈರು, ಡ್ರೈವರ್ ಜೀವ ಇವುಗಳ ಮಾತು ಬೇರೆಯೇ ಇದೆ.

ನಾಲ್ಕನೇ ಹೆಜ್ಜೆ: ಜೊತೆಯಾಗಿ ತುಂಬಿಸುವುದು

ದುಡ್ಡು ಉಳಿಯುವುದು ಮುಖ್ಯವಾಗಿ ಇಲ್ಲೇ. ಅಕ್ಕಪಕ್ಕದ ಹೊಲದ ಮೂವರ ಹತ್ತಿರ 70, 55, 75 ಚೀಲ ಇವೆ ಅಂದುಕೊಳ್ಳಿ. ಮೂವರೂ ಬೇರೆ ಬೇರೆಯಾಗಿ 14 ಅಡಿ ಗಾಡಿಯನ್ನು 9,000ಕ್ಕೆ ಹಿಡಿದರೆ ಒಟ್ಟು 27,000. ಚೀಲಕ್ಕೆ 135 ಬಿತ್ತು. ಮೂವರದ್ದೂ ಸೇರಿ 200 ಚೀಲ, ಸರಿಯಾಗಿ ಒಂದು ಆರು ಚಕ್ರದ ಲಾರಿ. ಅದರ ಬಾಡಿಗೆ 16,000 ಆದರೆ ಚೀಲಕ್ಕೆ 80. ಒಂದೇ ರಾತ್ರಿಗೆ 11,000 ರೂಪಾಯಿ ಉಳಿಯಿತು. ಬಾಡಿಗೆ ಚೌಕಾಸಿ ಮಾಡಿ ಇಷ್ಟು ಉಳಿಸಲು ಯಾರಿಂದಲೂ ಆಗುವುದಿಲ್ಲ.

ಹೇಳಲು ಸುಲಭ, ಮಾಡಲು ಕಷ್ಟ. ಒಬ್ಬರದ್ದು ಒಣಗಿರುತ್ತದೆ, ಇನ್ನೊಬ್ಬರದ್ದು ಹಸಿ. ಒಬ್ಬರಿಗೆ ಒಂದು ಮಂಡಿ, ಇನ್ನೊಬ್ಬರಿಗೆ ಬೇರೆ ಮಂಡಿ. ಹಾಗಾಗಿ ಜೊತೆಯಾಗುವ ಮಾತು ಚೀಲ ತುಂಬುವ ದಿನ ಆಡಿದರೆ ಆಗುವುದಿಲ್ಲ, ಕೀಳುವ ವಾರವೇ ಆಡಬೇಕು. ಯಾರ ಹೊಲ ಮೊದಲು, ಯಾರದ್ದು ಎರಡು ದಿನ ಬಿಟ್ಟು ಅಂತ ಕೀಳುವುದನ್ನೇ ಹೊಂದಿಸಿಕೊಂಡರೆ ಲಾರಿ ತನ್ನಷ್ಟಕ್ಕೆ ಹೊಂದುತ್ತದೆ. ನಾವು ವಾಟ್ಸಾಪ್ ಗ್ರೂಪಿನಲ್ಲಿ ಪ್ರತಿ ಭಾನುವಾರ ಸಂಜೆ ಹಾಕುತ್ತೇವೆ: ಯಾರು, ಎಷ್ಟು ಚೀಲ, ಯಾವತ್ತಿಗೆ ರೆಡಿ. ಅಷ್ಟೇ ಸಾಕು.

ಚೀಲಗಳಿಗೆ ಮನೆಗೊಂದು ಬಣ್ಣದ ಗುರುತು ಹಾಕಿ. ಮೊದಮೊದಲು ನಾವು ಬರೀ ನೆನಪಿನ ಮೇಲೆ ಕಳಿಸಿದೆವು. ಅಲ್ಲಿ ಮಾಲು ಬೆರೆತು, ಯಾರ ಚೀಲಕ್ಕೆ ಯಾವ ರೇಟು ಅಂತ ಗೊತ್ತಾಗದೆ, ಅಣ್ಣ-ತಮ್ಮನಂತಿದ್ದವರು ಒಂದು ತಿಂಗಳು ಮಾತು ಬಿಟ್ಟರು. ಈಗ ಕೆಂಪು, ಹಸಿರು, ನೀಲಿ ಬಣ್ಣದ ಡಬ್ಬಿಗಳು ನಮ್ಮ ಮನೆಯ ಜಗಲಿ ಮೇಲೇ ಇರುತ್ತವೆ. ಕೊನೆಗೆ ಇಳಿಸಬೇಕಾದ ಮಂಡಿಯ ಚೀಲಗಳನ್ನು ಮೊದಲು ಹತ್ತಿಸಿ ಒಳಗೆ ಹಾಕಿ. ಒಂದು ಲಾರಿಗೆ ಎರಡಕ್ಕಿಂತ ಹೆಚ್ಚು ಮಂಡಿ ಬೇಡ.

ಜೊತೆಗಾಗಿ ಕಾಯಲೇಬಾರದ ಸಮಯವೂ ಇದೆ. ಮಳೆ ಬರುವಂತಿದ್ದು ಮುಚ್ಚಿಡಲು ಜಾಗ ಇಲ್ಲದಿದ್ದರೆ, ಗೆಡ್ಡೆ ಮೆತ್ತಗಾಗಲು ಶುರುವಾಗಿದ್ದರೆ, ಸಣ್ಣ ಗಾಡಿಯಾದರೂ ಸರಿ, ಅವತ್ತೇ ಕಳಿಸಿ. ಕೊಳೆತ ಚೀಲಕ್ಕೂ ಬಾಡಿಗೆ ಬೀಳುತ್ತದೆ, ಅಲ್ವಾ?

ಐದನೇ ಹೆಜ್ಜೆ: ಲಾರಿ ಎಲ್ಲಿಯವರೆಗೆ ಬರುತ್ತದೆ?

ಈ ಪ್ರಶ್ನೆಯನ್ನು ನಾವು ಮರೆಯುತ್ತೇವೆ. ಎರೆ ಹೊಲಕ್ಕೆ ಒಂದು ಮಳೆ ಬಿದ್ದರೆ ಲಾರಿ ಇಳಿಯುವ ಹಾಗಿಲ್ಲ. ಇಳಿದರೆ ಜೆಸಿಬಿ ಕರೆಸಿ ಎಳೆಸಬೇಕು. ಲಾರಿ ಡಾಂಬರು ರಸ್ತೆಯಲ್ಲೇ ನಿಂತರೆ ಹೊಲದಿಂದ ಅಲ್ಲಿಗೆ ಟ್ರ್ಯಾಕ್ಟರ್ ಬೇಕು, ಎರಡು ಸಲ ಎತ್ತಿ ಇಳಿಸುವ ಹಮಾಲಿ ಬೇಕು. ಅದನ್ನೂ ಚೀಲದ ಲೆಕ್ಕಕ್ಕೆ ಸೇರಿಸಿ. ಊರ ಬಾಗಿಲಿನಲ್ಲಿ ತಗ್ಗಾಗಿ ತೂಗುವ ಕರೆಂಟ್ ತಂತಿ, ತಿರುವಿನ ಬೇವಿನ ಮರ, ಹಳ್ಳದ ಸಣ್ಣ ಸೇತುವೆ ಇವನ್ನೆಲ್ಲ ನೋಡಿ, ಫೋಟೋ ತೆಗೆದು ಲಾರಿಯವರಿಗೆ ಮೊದಲೇ ಕಳಿಸಿ. ಹತ್ತು ಚಕ್ರದ ಲಾರಿಯಲ್ಲಿ ಚೀಲಕ್ಕೆ ಹತ್ತು ರೂಪಾಯಿ ಕಡಿಮೆ ಆದರೂ, ಅದು ಊರೊಳಗೆ ಬರದೆ ಟ್ರ್ಯಾಕ್ಟರಿಗೆ ಹದಿನೈದು ಹೋದರೆ ಆರು ಚಕ್ರದ್ದೇ ಅಗ್ಗ.

ಆರನೇ ಹೆಜ್ಜೆ: ಯಾವಾಗ ಗೊತ್ತು ಮಾಡಬೇಕು

ಮುಂಗಾರಿನ ಈರುಳ್ಳಿ ಬರುವ ಹೊತ್ತಿಗೇ ದಾವಣಗೆರೆ, ಹಾವೇರಿ, ಚಿತ್ರದುರ್ಗ ಕಡೆಯ ಮೆಕ್ಕೆಜೋಳವೂ ಬರುತ್ತದೆ. ಲಾರಿ ಅವೇ. ಕೇಳುವವರು ಇಬ್ಬರಾದರೆ ಬಾಡಿಗೆ ಏರುತ್ತದೆ. ಇದರ ಮಧ್ಯೆ ಆಯುಧಪೂಜೆ, ದೀಪಾವಳಿ. ಆಯುಧಪೂಜೆ ದಿನ ಲಾರಿ ತೊಳೆದು, ಬಾಳೆಕಂಬ ಕಟ್ಟಿ, ಕುಂಬಳಕಾಯಿ ಒಡೆದು ನಿಲ್ಲಿಸಿರುತ್ತಾರೆ. ಡ್ರೈವರ್‌ಗಳು ಊರಿಗೆ ಹೋಗಿರುತ್ತಾರೆ. ಹಬ್ಬದ ಹಿಂದೆ-ಮುಂದೆ ಲೋಡ್ ಬೀಳದಂತೆ ನೋಡಿಕೊಳ್ಳಿ. ಮಾರುಕಟ್ಟೆಗೆ ಯಾವತ್ತು ರಜೆ ಅಂತಲೂ ಕೇಳಿ. ರಜೆಯ ಹಿಂದಿನ ರಾತ್ರಿ ಹೊರಟ ಲಾರಿ ಇಡೀ ದಿನ ಸುಮ್ನೆ ನಿಂತು ಹಾಲ್ಟಿಂಗ್ (ಕಾಯಿಸಿದ್ದಕ್ಕೆ ಕೊಡುವ ದುಡ್ಡು) ಎಣಿಸುತ್ತದೆ.

ಐದಾರು ದಿನ ಮುಂಚೆ ಮಾತಾಡಿ, ಹಿಂದಿನ ದಿನ ಒಂದು ಸಲ ಖಚಿತ ಮಾಡಿಕೊಳ್ಳಿ. ಲಾರಿ ಆಫೀಸಿನಲ್ಲಿ ಕೇಳಬೇಕಾದ ಮುಖ್ಯ ಮಾತು ಇದು: "ಅಣ್ಣಾ, ಬೆಂಗಳೂರಿಗೆ ರಿಟರ್ನ್ ಹೋಗೋ ಗಾಡಿ ಯಾವುದಾದ್ರೂ ಇದೆಯಾ?" ಬೆಂಗಳೂರಿಂದ ಕಿರಾಣಿ, ಸಿಮೆಂಟು, ಗೊಬ್ಬರ ತಂದು ನಮ್ಮ ಕಡೆ ಇಳಿಸಿದ ಲಾರಿ ಖಾಲಿ ಹೋಗುವ ಬದಲು ಕಡಿಮೆ ಬಾಡಿಗೆಗೂ ಒಪ್ಪುತ್ತದೆ. ನಮ್ಮ ಅದೃಷ್ಟಕ್ಕೆ ಹಿರಿಯೂರು, ಚಿತ್ರದುರ್ಗ ಎರಡೂ 48ನೇ ರಾಷ್ಟ್ರೀಯ ಹೆದ್ದಾರಿಯ ಮೇಲಿವೆ. ಹುಬ್ಬಳ್ಳಿ, ದಾವಣಗೆರೆ ಕಡೆಯಿಂದ ಖಾಲಿ ಬರುವ ಗಾಡಿಗಳೂ ಸಿಗುತ್ತವೆ. ಆದರೆ ರಿಟರ್ನ್ ಗಾಡಿ ನಮ್ಮ ಸಮಯಕ್ಕೆ ಬರುವುದಿಲ್ಲ, ನಾವು ಅದರ ಸಮಯಕ್ಕೆ ರೆಡಿ ಇರಬೇಕು.

ಊರಿನ ಹತ್ತಿರದ ಲಾರಿಯನ್ನೇ ಹಿಡಿದರೆ ವಾಪಸ್ ಬರುವಾಗ ಏನು ತರಬಹುದು ಅಂತ ಯೋಚಿಸಿ. ಖಾಲಿ ಚೀಲ, ಡ್ರಿಪ್ ಪೈಪು, ಯಾರದೋ ಮನೆ ಕಟ್ಟುವ ಸಾಮಾನು. ಅರ್ಧ ಲೋಡ್ ಸಿಕ್ಕರೂ ಮಾಲೀಕರು ಹೋಗುವ ಬಾಡಿಗೆಯಲ್ಲಿ ಇಳಿಸಿಕೊಡುತ್ತಾರೆ.

ಏಳನೇ ಹೆಜ್ಜೆ: ಬಾಡಿಗೆ ಮಾತು

ಮಾತಾಡುವ ಮುಂಚೆ ಅವರ ಖರ್ಚು ನಿಮಗೆ ಗೊತ್ತಿರಲಿ. ಹಿರಿಯೂರಿಂದ ಬೆಂಗಳೂರಿಗೆ ಸುಮಾರು 160 ಕಿಲೋಮೀಟರ್, ಹೋಗಿ ಬರಲು 320. ಆರು ಚಕ್ರದ ಲಾರಿ ಲೀಟರಿಗೆ ಸರಾಸರಿ ಐದೂವರೆ ಕಿಲೋಮೀಟರ್ ಕೊಟ್ಟರೆ 58 ಲೀಟರ್ ಡೀಸೆಲ್. ಲೀಟರಿಗೆ 90 ರೂಪಾಯಿ ಹಿಡಿದರೂ 5,200 ದಾಟುತ್ತದೆ. ಅದರ ಮೇಲೆ ಟೋಲ್, ಡ್ರೈವರ್ ಭತ್ಯೆ, ಟೈರು, ಇನ್ಶೂರೆನ್ಸ್, ಸಾಲದ ಕಂತು. ಇದನ್ನು ತಿಳಿದು ಮಾತಾಡಿದರೆ ಎಲ್ಲಿ ಕೇಳಬಹುದು, ಎಲ್ಲಿ ನಿಲ್ಲಿಸಬೇಕು ಅಂತ ಗೊತ್ತಾಗುತ್ತದೆ. ಖರ್ಚಿಗಿಂತ ಕಡಿಮೆಗೆ ಒಪ್ಪಿದವರು ಎಲ್ಲೋ ಒಂದು ಕಡೆ ಕೈ ಕೊಡುತ್ತಾರೆ. ದಾರಿಯಲ್ಲಿ ಬೇರೆ ಮಾಲು ಹತ್ತಿಸುತ್ತಾರೆ, ಇಲ್ಲವೇ ಲೋಡ್ ಮಾಡುವ ಹೊತ್ತಿಗೆ ಫೋನ್ ಎತ್ತುವುದಿಲ್ಲ. ನಮಗೂ ಒಂದು ಸಲ ಹಾಗಾಯಿತು. ಎರಡು ಸಾವಿರ ಕಡಿಮೆ ಅಂತ ಗೊತ್ತಿಲ್ಲದ ಗಾಡಿ ಹಿಡಿದೆವು. ಅದು ಬರಲೇ ಇಲ್ಲ. ರಾತ್ರಿ ಹತ್ತು ಗಂಟೆಗೆ ಬೇರೆ ಲಾರಿಗೆ ನಾಲ್ಕು ಸಾವಿರ ಹೆಚ್ಚು ಕೊಟ್ಟು ಕಳಿಸಿದೆವು.

ಟನ್ ಲೆಕ್ಕದಲ್ಲಿ ಬಾಡಿಗೆ ಹೇಳಿದರೆ, ಕನಿಷ್ಠ ಎಷ್ಟು ಟನ್ನಿಗೆ ಅಂತ ಕೇಳಿ. ಹತ್ತು ಟನ್ ಗ್ಯಾರಂಟಿ ಅಂದಿದ್ದರೆ ನೀವು ಎಂಟು ಟನ್ ಹಾಕಿದರೂ ಹತ್ತಕ್ಕೇ ಕೊಡಬೇಕು.

ಮಾತು ಮುಗಿದ ಮೇಲೆ ವಾಟ್ಸಾಪಿನಲ್ಲಿ ಬರೆದು ಕಳಿಸಿ. ಗಾಡಿ ನಂಬರ್, ಎಷ್ಟು ಚೀಲ, ಒಟ್ಟು ತೂಕ, ಬಾಡಿಗೆ, ಅಡ್ವಾನ್ಸ್ ಎಷ್ಟು, ಬಾಕಿ ಯಾವಾಗ, ಟೋಲ್ ಯಾರದ್ದು, ಟಾರ್ಪಾಲು-ಹಗ್ಗ ಯಾರದ್ದು, ಎಷ್ಟು ಗಂಟೆ ಮೇಲೆ ಹಾಲ್ಟಿಂಗ್ ಶುರು, ದಿನಕ್ಕೆ ಎಷ್ಟು. "ಎಲ್ಲಾ ಸೇರಿ" ಅನ್ನುವ ಎರಡು ಪದವನ್ನು ಅವರಿಂದಲೇ ಬರೆಸಿಕೊಳ್ಳಿ. ಬಾಯಿಮಾತಿನಲ್ಲಿ ಬಿಟ್ಟದ್ದೆಲ್ಲ ಆಮೇಲೆ ಬಿಲ್ಲಿನಲ್ಲಿ ಬರುತ್ತದೆ.

ಸೀಸನ್ನಿನಲ್ಲಿ ಎಂಟು-ಹತ್ತು ಲೋಡ್ ಇದ್ದರೆ ಒಬ್ಬರೇ ಮಾಲೀಕರ ಹತ್ತಿರ ಮೊದಲೇ ಒಪ್ಪಂದ ಮಾಡಿಕೊಳ್ಳಿ. ಡೀಸೆಲ್ ರೇಟು ಬದಲಾದರೆ ಬಾಡಿಗೆ ಎಷ್ಟು ಬದಲಾಗಬೇಕು ಅಂತಲೂ ಆಗಲೇ ಮಾತಾಡಿ. ಒಂದೊಂದು ಲೋಡಿಗೂ ಒಬ್ಬೊಬ್ಬರನ್ನು ಹುಡುಕುವುದಕ್ಕಿಂತ ಇದು ನಮಗೆ ಚೆನ್ನಾಗಿ ನಡೆದಿದೆ.

ಎಂಟನೇ ಹೆಜ್ಜೆ: ಕಾಗದಪತ್ರ

ಹಳದಿ ಬೋರ್ಡ್ ಇಲ್ಲದ ಗಾಡಿಗೆ ಬಾಡಿಗೆ ಮಾಲು ಹತ್ತಿಸಬೇಡಿ. ಅಪಘಾತವಾದರೆ ಇನ್ಶೂರೆನ್ಸ್ ಸಿಗುವುದು ಕಷ್ಟ. ಎಂ-ಪರಿವಾಹನ್ ಆ್ಯಪ್‌ನಲ್ಲಿ ಗಾಡಿ ನಂಬರ್ ಹಾಕಿ ಎಫ್‌ಸಿ (ಗಾಡಿ ಓಡಲು ಯೋಗ್ಯ ಅನ್ನುವ ಪತ್ರ), ಇನ್ಶೂರೆನ್ಸ್ ಚಾಲ್ತಿ ಇದೆಯಾ ನೋಡಿ. ಎರಡು ನಿಮಿಷದ ಕೆಲಸ. ತಾಜಾ ಈರುಳ್ಳಿ, ತರಕಾರಿಗೆ ಇ-ವೇ ಬಿಲ್ (ಮಾಲು ಸಾಗಿಸಲು ಆನ್‌ಲೈನಿನಲ್ಲಿ ಮಾಡಿಸುವ ಜಿಎಸ್‌ಟಿ ಚೀಟಿ) ಬೇಡ. ಆದರೆ ವಾಪಸ್ ಬರುವಾಗ ಪೈಪು, ಸಿಮೆಂಟಿನಂಥ ಜಿಎಸ್‌ಟಿ ಇರುವ ಮಾಲು 50,000 ರೂಪಾಯಿ ದಾಟಿದರೆ ಬೇಕಾಗುತ್ತದೆ. ಅಂಗಡಿಯವರಿಂದ ಮಾಡಿಸಿಕೊಳ್ಳಿ.

ಒಂಬತ್ತನೇ ಹೆಜ್ಜೆ: ಲೋಡಿಂಗ್ ಮತ್ತು ದಾರಿ

ಲಾರಿ ಬಂದ ಮೇಲೆ ಹಮಾಲರನ್ನು ಕರೆಯಲು ಹೋಗಬೇಡಿ. ಲಾರಿ ನಾಲ್ಕು ಗಂಟೆಗೆ ಬರುತ್ತದೆ ಅಂದರೆ ಮೂರೂವರೆಗೆ ಆಳು ಇರಬೇಕು, ಚೀಲ ಹೊಲಿದು ಮುಗಿದಿರಬೇಕು. ತಡವಾದರೆ ಹಾಲ್ಟಿಂಗ್ ಒಂದೇ ಅಲ್ಲ, ಬೆಳಗಿನ ಹರಾಜೂ ತಪ್ಪುತ್ತದೆ. ಬೆಂಗಳೂರಿನಲ್ಲಿ ಜನದಟ್ಟಣೆಯ ಹೊತ್ತಿನಲ್ಲಿ ದೊಡ್ಡ ಲಾರಿಗಳನ್ನು ಒಳಗೆ ಬಿಡುವುದಿಲ್ಲ. ಹಾಗಾಗಿ ಸಂಜೆ ತುಂಬಿ, ರಾತ್ರಿ ಊಟದ ಹೊತ್ತಿಗೆ ಹೊರಟು, ಬೆಳಕು ಹರಿಯುವ ಮುಂಚೆ ಮಾರುಕಟ್ಟೆ ಸೇರುವುದು ಒಳ್ಳೆಯದು. ಈರುಳ್ಳಿಗೂ ರಾತ್ರಿಯ ತಂಪು ಬೇಕು. ಮಳೆ ಇಲ್ಲದಿದ್ದರೆ ಟಾರ್ಪಾಲನ್ನು ಸುತ್ತಲೂ ಬಿಗಿದು ಮುಚ್ಚಬೇಡಿ. ಪಕ್ಕದಲ್ಲಿ ಗಾಳಿ ಆಡಲಿ, ಇಲ್ಲದಿದ್ದರೆ ಬೆವರುತ್ತದೆ.

ತುಂಬುವ ಮುಂಚೆ ಖಾಲಿ ಲಾರಿಯನ್ನು, ತುಂಬಿದ ಮೇಲೆ ಲೋಡ್ ಲಾರಿಯನ್ನು ವೇಬ್ರಿಡ್ಜ್ (ಲಾರಿ ತೂಗುವ ಕಾಟಾ) ಮೇಲೆ ಹತ್ತಿಸಿ ಚೀಟಿ ಇಟ್ಟುಕೊಳ್ಳಿ. ಚೀಟಿಯ ಫೋಟೋ ಮಂಡಿಯವರಿಗೂ ಕಳಿಸಿ.

ಟೋಲ್ ನಿಮ್ಮದು ಅಂತ ಮಾತಾಗಿದ್ದರೆ ಇದು ಗೊತ್ತಿರಲಿ. ರಾಷ್ಟ್ರೀಯ ಹೆದ್ದಾರಿಯಲ್ಲಿ 24 ಗಂಟೆಯೊಳಗೆ ಅದೇ ಟೋಲ್‌ನಲ್ಲಿ ವಾಪಸ್ ಬಂದರೆ ಎರಡೂ ಕಡೆ ಸೇರಿ ಒಂದೂವರೆ ಪಟ್ಟು ಮಾತ್ರ. ಇಲ್ಲದಿದ್ದರೆ ಎರಡು ಪಟ್ಟು. ಟೋಲ್ ದಾಟಿ ಹೋದ ಲಾರಿ ಮಾರುಕಟ್ಟೆಯಲ್ಲಿ ಸಾಲಿನಲ್ಲಿ ನಿಂತು ತಡವಾದರೆ ಈ ಉಳಿತಾಯವೂ ಹೋಗುತ್ತದೆ. ಅದಕ್ಕೇ ಮಂಡಿಯವರಿಗೆ ಹಿಂದಿನ ದಿನವೇ ಲಾರಿ ನಂಬರ್, ಬರುವ ಸಮಯ ಹೇಳಿ, ಇಳಿಸಲು ಜಾಗ, ಆಳು ಇಟ್ಟಿರಲು ಕೇಳಿಕೊಳ್ಳಿ.

ಹತ್ತನೇ ಹೆಜ್ಜೆ: ಲೆಕ್ಕ ಚುಕ್ತಾ

ಎಷ್ಟೋ ಸಲ ಮಂಡಿಯವರೇ ಲಾರಿ ಬಾಡಿಗೆ ಕೊಟ್ಟು ನಮ್ಮ ಪಟ್ಟಿಯಲ್ಲಿ (ಮಾರಾಟದ ಲೆಕ್ಕದ ಚೀಟಿ) ಕಳೆದುಕೊಳ್ಳುತ್ತಾರೆ. ಪಟ್ಟಿ ಬಂದಾಗ ವಾಟ್ಸಾಪಿನಲ್ಲಿ ಬರೆದ ಬಾಡಿಗೆಗೂ ಕಳೆದ ಮೊತ್ತಕ್ಕೂ ತಾಳೆ ನೋಡಿ. ನೀವು ಕೊಟ್ಟ ಅಡ್ವಾನ್ಸ್ ಬಿಟ್ಟಿದ್ದಾರಾ ಅಂತಲೂ ನೋಡಿ. ಒಮ್ಮೆ ನಮ್ಮ ಮೂವರ ಪಟ್ಟಿಯಲ್ಲೂ ಪೂರ್ತಿ ಬಾಡಿಗೆ ಕಳೆದಿದ್ದರು, ಮೂರು ಸಾವಿರ ಅಡ್ವಾನ್ಸ್ ಲೆಕ್ಕಕ್ಕೇ ಬಂದಿರಲಿಲ್ಲ. ಫೋನ್ ಮಾಡಿ, ವಾಟ್ಸಾಪ್ ತೋರಿಸಿದ ಮೇಲೆ ಸರಿ ಮಾಡಿದರು.

ಜೊತೆಯಾಗಿ ಕಳಿಸಿದವರು ಬಾಡಿಗೆಯನ್ನು ಚೀಲದ ಮೇಲೆ ಹಂಚಿಕೊಳ್ಳಿ. ಒಬ್ಬರು ಹೇಳಿದ್ದಕ್ಕಿಂತ ಕಡಿಮೆ ಚೀಲ ತಂದು ಜಾಗ ಖಾಲಿ ಉಳಿದರೆ ಆ ಖಾಲಿ ಜಾಗದ ಪಾಲು ಅವರದ್ದೇ. ಇದನ್ನು ಲೋಡಿನ ಮುಂಚೆಯೇ ಎಲ್ಲರೂ ಒಪ್ಪಿರಬೇಕು, ಆಮೇಲೆ ಹೇಳಿದರೆ ಮನಸ್ಸು ಕೆಡುತ್ತದೆ.

ಪ್ರತಿ ಲೋಡನ್ನೂ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತೇನೆ: ತಾರೀಖು, ಗಾಡಿ, ಚೀಲ, ಬಾಡಿಗೆ, ಟೋಲ್, ಎರಡೂ ಕಡೆಯ ಹಮಾಲಿ, ಹಾಲ್ಟಿಂಗ್, ಕೊನೆಗೆ ಚೀಲಕ್ಕೆ ಎಷ್ಟು ಬಿತ್ತು. ಡ್ರೈವರ್ ಹೆಸರಿನ ಮುಂದೆ ಒಂದು ಸಾಲು, ಹೇಳಿದ ಸಮಯಕ್ಕೆ ಬಂದರಾ ಇಲ್ಲವಾ. ಬಾಕಿ ಬಾಡಿಗೆಯನ್ನು ಮಾಲು ಇಳಿದ ದಿನವೇ ಚುಕ್ತಾ ಮಾಡುತ್ತೇವೆ. ಹೋದ ಸೀಸನ್ನಿನಲ್ಲಿ ಮೆಕ್ಕೆಜೋಳದ ಭರಾಟೆಯಲ್ಲಿ ಎಲ್ಲೂ ಲಾರಿ ಸಿಗದಿದ್ದಾಗ ಆ ನೋಟ್‌ಬುಕ್ಕಿನ ಮೊದಲ ಪುಟದ ಡ್ರೈವರಿಗೆ ಫೋನ್ ಮಾಡಿದೆ. "ನಾಳೆ ಸಂಜೆ ಐದಕ್ಕೆ ಬರ್ತೀನಣ್ಣ, ಚೀಲ ಹೊಲಿದು ಇಟ್ಟಿರಿ" ಅಂದರು. ಐದಕ್ಕೆ ಹತ್ತು ನಿಮಿಷ ಇರುವಾಗಲೇ ಲಾರಿ ಊರ ಬಾಗಿಲಲ್ಲಿ ನಿಂತಿತ್ತು.